ಮಾವಿನ ಹಣ್ಣನ್ನು ಆರಿಸಿ, ಮಾಗಿಸಿ, ಹಿತವಾಗಿ ತಿನ್ನುವ ಬಗೆ

ಮಾವಿನ ಹಣ್ಣಿನ ರುಚಿಯೂ ಅದರಿಂದ ದೇಹಕ್ಕೆ ಸಿಗುವ ಹಿತವೂ ಬಹುಪಾಲು ಹಣ್ಣು ನಮ್ಮ ಮನೆಗೆ ಬರುವ ಮೊದಲೇ ತೀರ್ಮಾನವಾಗಿರುತ್ತವೆ. ಮರದಲ್ಲಿ ಪೂರ್ತಿ ಬಲಿತ ಕಾಯಿಯೊಳಗೆ ಪಿಷ್ಟ ತುಂಬಿಕೊಂಡಿರುತ್ತದೆ. ಕಿತ್ತ ಮೇಲೆ ಕೆಲವೇ ದಿನಗಳಲ್ಲಿ ಆ ಪಿಷ್ಟ ಸಕ್ಕರೆಯಾಗುತ್ತದೆ, ಹುಳಿ ಇಳಿಯುತ್ತದೆ, ತಿರುಳಿಗೆ ಕೇಸರಿ ಬಣ್ಣ ಕೊಡುವ ಕ್ಯಾರೋಟಿನ್ ಹೆಚ್ಚುತ್ತದೆ, ಪರಿಮಳ ಹುಟ್ಟುತ್ತದೆ. ಎಳೆಯದಾಗಿ ಕಿತ್ತ ಕಾಯಿಯಲ್ಲಿ ಪಿಷ್ಟವೇ ಸಾಕಷ್ಟು ಕೂಡಿರುವುದಿಲ್ಲವಾದ್ದರಿಂದ, ಅದನ್ನು ಯಾವ ಉಪಾಯದಿಂದ ಹಳದಿಗೆ ತಿರುಗಿಸಿದರೂ ಒಳಗೆ ಸಪ್ಪೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಮಾವನ್ನು ಚೆನ್ನಾಗಿ ತಿನ್ನಬೇಕೆನ್ನುವವರು ಯಾವ ತಿಂಗಳಲ್ಲಿ ಯಾವ ಹಣ್ಣನ್ನು ಕೊಳ್ಳಬೇಕು, ಕೊಂಡದ್ದನ್ನು ಹೇಗೆ ಮಾಗಿಸಬೇಕು ಎಂಬುದನ್ನು ಮೊದಲು ತಿಳಿದಿರಬೇಕು. ಎಷ್ಟು ತಿನ್ನಬೇಕೆಂಬ ಮಾತು ಆಮೇಲಿನದು.

ಯಾವ ಕಾಲಕ್ಕೆ ಯಾವ ಹಣ್ಣು

ಹೂವು ಕಚ್ಚಿ ಕಾಯಿಯಾದ ಮೇಲೆ ಅದು ಬಲಿಯಲು ತಳಿಗೆ ತಕ್ಕಂತೆ ಮೂರರಿಂದ ನಾಲ್ಕು ತಿಂಗಳು ಬೇಕು. ದಕ್ಷಿಣ ಕರ್ನಾಟಕದಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಭಾಗದ ತೋಟಗಳ ಹಣ್ಣು ಮೊದಲು ಪೇಟೆಗೆ ಬರುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಣ್ಣು ಅದರ ಹಿಂದೆ ಬಂದು ಜೂನ್, ಜುಲೈವರೆಗೂ ನಡೆಯುತ್ತದೆ. ಧಾರವಾಡದ ಸುತ್ತಲಿನ ಆಪೂಸಿಗೆ ಮೇ ತಿಂಗಳೇ ಸರಿಯಾದ ಕಾಲ. ಈ ಕ್ರಮ ಗೊತ್ತಿದ್ದರೆ ಯುಗಾದಿಗಿಂತ ಮೊದಲೇ ಅಂಗಡಿಯಲ್ಲಿ ಹೊಳೆಯುತ್ತಿರುವ ಹಣ್ಣನ್ನು ದುಬಾರಿ ಬೆಲೆ ಕೊಟ್ಟು ಕೊಳ್ಳುವ ಆತುರ ತಾನಾಗಿಯೇ ತಗ್ಗುತ್ತದೆ. ಹಂಗಾಮಿನ ಮೊದಲ ಹಣ್ಣಿಗೆ ಬೆಲೆ ಹೆಚ್ಚು ಸಿಗುವುದರಿಂದ ಬಲಿಯದ ಕಾಯನ್ನು ಕೀಳುವ ಆಸೆಯೂ ಆಗಲೇ ಹೆಚ್ಚು. ನನ್ನನ್ನು ಕೇಳಿದರೆ ಏಪ್ರಿಲ್ ಕೊನೆಯವರೆಗೆ ಕಾಯುವುದು ಒಳ್ಳೆಯದು. ಅಲ್ಲಿಯವರೆಗೆ ಮಾವಿನಕಾಯಿಯ ಚಿತ್ರಾನ್ನ, ತೊಕ್ಕು, ಪಾನಕಗಳಿಗೆ ಕೊರತೆಯೇನೂ ಇರುವುದಿಲ್ಲ.

ಬೆಂಗಳೂರಿನ ಕಡೆ ಬಾದಾಮಿ ಎಂದು ಮಾರುವುದೂ ಧಾರವಾಡದಲ್ಲಿ ಆಪೂಸು ಎಂದು ಕರೆಯುವುದೂ ಅಲ್ಫಾನ್ಸೊ ತಳಿಯನ್ನೇ. ನಾರಿಲ್ಲದ ಗಟ್ಟಿ ತಿರುಳು, ಕೇಸರಿ ಬಣ್ಣ, ಹೆಚ್ಚು ದಿನ ತಾಳುವ ಗುಣ ಇದರ ಹೆಚ್ಚುಗಾರಿಕೆ. ಹೋಳು ಮಾಡಿ ತಿನ್ನಲು ಇದು ಸೊಗಸು. ರಸಪುರಿ ಇದಕ್ಕೆ ತದ್ವಿರುದ್ಧವಾಗಿ ಮೆತ್ತಗೆ, ರಸಭರಿತವಾಗಿ, ಸಿಹಿಯ ಹಿಂದೆ ತೆಳುವಾದ ಹುಳಿಯೊಂದನ್ನು ಇಟ್ಟುಕೊಂಡಿರುವ ಹಣ್ಣು. ಸೀಕರಣೆಗೆ ಇದಕ್ಕಿಂತ ಒಳ್ಳೆಯ ತಳಿ ನಮ್ಮ ಪೇಟೆಯಲ್ಲಿ ಇಲ್ಲವೆಂದೇ ನಾನು ಹೇಳುತ್ತೇನೆ. ಆದರೆ ಅದು ಮಾಗಿದ ಮೇಲೆ ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ, ದೂರದ ಊರಿಗೆ ಕಳಿಸಲು ಬರುವುದಿಲ್ಲ. ಹಾಗಾಗಿ ಅದರ ಹೆಸರು ಕರ್ನಾಟಕದ ಹೊರಗೆ ಬಾದಾಮಿಯಷ್ಟು ಹರಡಿಲ್ಲ. ಬಂಗನಪಲ್ಲಿ ಅಥವಾ ಬೇನಿಷಾ ದೊಡ್ಡ ಹಣ್ಣು, ಸಿಹಿ ನೇರ, ಹುಳಿ ಕಡಿಮೆ. ಮಲಗೋವಾ ಗುಂಡಗೆ, ತೂಕವಾಗಿ ಬರುತ್ತದೆ. ಗಿಣಿಮೂತಿಯ ತೋತಾಪುರಿಯನ್ನು ಹಣ್ಣಾಗಿ ಮೆಚ್ಚುವವರು ಕಡಿಮೆ. ಆದರೆ ದೋರೆಗಾಯಿಯಾಗಿದ್ದಾಗ ಹೋಳು ಮಾಡಿ ಉಪ್ಪು ಖಾರ ಸವರಿ ತಿನ್ನಲು ಅದೇ ಬೇಕು. ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ನೀಲಂ ಮತ್ತು ದಶೇರಿಗಳ ಸಂಕರದಿಂದ ಬಂದ ಮಲ್ಲಿಕಾ ನಮ್ಮ ರಾಜ್ಯದ ಮಣ್ಣಿಗೆ ಚೆನ್ನಾಗಿ ಒಗ್ಗಿದೆ. ಜೂನ್ ನಡುವಿನ ನಂತರ ಬರುವ ಈ ಹಣ್ಣನ್ನು ಕಿತ್ತ ಕೂಡಲೇ ತಿನ್ನದೆ, ಸಿಪ್ಪೆ ತುಸು ಸುಕ್ಕುಗಟ್ಟುವವರೆಗೆ ಕಾದವರಿಗೆ ಮಾತ್ರ ಅದರ ನಿಜವಾದ ಸಿಹಿ ದೊರೆಯುತ್ತದೆ. ಕೊನೆಯಲ್ಲಿ ನೀಲಂ ಬರುತ್ತದೆ.

ಕರಾವಳಿಯ ಲೆಕ್ಕ ಬೇರೆ. ಅಂಕೋಲೆಯ ಕರಿ ಈಶಾಡ ತೆಳು ಸಿಪ್ಪೆಯ, ತಿರುಳು ಹೆಚ್ಚಾಗಿರುವ ಹಣ್ಣು. ಅದಕ್ಕೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ, ಅಂದರೆ ಆ ಊರಿನದೇ ವಿಶೇಷ ಬೆಳೆಯೆಂಬ ಅಧಿಕೃತ ಗುರುತು, ಸಿಕ್ಕಿತು. ದಕ್ಷಿಣ ಕನ್ನಡದ ಮುಂಡಪ್ಪವನ್ನು ಅಲ್ಲಿನವರು ಬೇರೆ ಯಾವುದಕ್ಕೂ ಬಿಟ್ಟುಕೊಡುವುದಿಲ್ಲ. ಸಾಲುಮರಗಳಲ್ಲಿ, ಗದ್ದೆಯ ಬದುಗಳಲ್ಲಿ ತಾನಾಗಿ ಬೆಳೆದ ಕಾಟುಮಾವು ಮುಷ್ಟಿಗಿಂತ ಚಿಕ್ಕದು, ನಾರು ತುಂಬಿದ್ದು, ಒಂದೊಂದು ಮರದ್ದು ಒಂದೊಂದು ರುಚಿ. ನಾರಿದೆಯೆಂದು ಅದನ್ನು ಕಡೆಗಣಿಸುವುದು ತಪ್ಪು, ಏಕೆಂದರೆ ಕಾಟುಮಾವಿನ ಪರಿಮಳಕ್ಕೆ ಸರಿಗಟ್ಟುವ ಕಸಿ ಹಣ್ಣುಗಳು ಕಡಿಮೆ. ಶಿರಸಿ, ಸಿದ್ದಾಪುರ, ಸಾಗರ, ಹೊಸನಗರದ ಕಡೆ ಹೊಳೆಯಂಚುಗಳಲ್ಲಿ ಬೆಳೆಯುವ ಅಪ್ಪೆಮಿಡಿ ಹಣ್ಣಿಗಾಗಿ ಇರುವುದಲ್ಲ, ಉಪ್ಪಿನಕಾಯಿಗೆ. ಅದಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ.

ಕೊಳ್ಳುವಾಗ ನೋಡಬೇಕಾದದ್ದು

ಬಣ್ಣವನ್ನು ನಂಬಿ ಮಾವನ್ನು ಕೊಳ್ಳಬಾರದು. ಇಮಾಮ್ ಪಸಂದ್, ಆಮ್ರಪಾಲಿಯಂಥ ತಳಿಗಳು ಪೂರ್ತಿ ಮಾಗಿದಾಗಲೂ ಹಸಿರಾಗಿಯೇ ಇರುತ್ತವೆ. ಸೇಂದೂರದ ಕೆಂಪು ಕಾಯಿಯಾಗಿದ್ದಾಗಲೇ ಬಂದಿರುತ್ತದೆ. ನೋಡಬೇಕಾದದ್ದು ತೊಟ್ಟಿನ ಸುತ್ತಲಿನ ಭುಜವನ್ನು. ಬಲಿತ ಕಾಯಿಯಲ್ಲಿ ಭುಜಗಳು ತೊಟ್ಟಿಗಿಂತ ಮೇಲೆ ಉಬ್ಬಿ, ತೊಟ್ಟು ಸಣ್ಣ ಕುಳಿಯಲ್ಲಿ ಕುಳಿತಂತೆ ಕಾಣುತ್ತದೆ. ಎಳೆಯ ಕಾಯಿಯ ಭುಜ ಇಳಿಜಾರಾಗಿರುತ್ತದೆ. ಒಂದೇ ಗಾತ್ರದ ಎರಡು ಹಣ್ಣುಗಳಲ್ಲಿ ಕೈಗೆ ಭಾರವೆನಿಸುವುದನ್ನು ಆರಿಸಬೇಕು. ಮಾಗಿದ ಹಣ್ಣಾದರೆ ತೊಟ್ಟಿನ ಹತ್ತಿರ ಮೂಗಿಟ್ಟಾಗ ತಳಿಯ ಪರಿಮಳ ಬರಬೇಕು. ಹುಳಿತ ವಾಸನೆ ಬಂದರೆ ಹಣ್ಣು ಕಳಿತು ಕೆಡುತ್ತಿದೆ ಎಂದರ್ಥ. ಹೆಬ್ಬೆರಳಿನಿಂದ ಒತ್ತಿ ನೋಡುವ ಅಭ್ಯಾಸವನ್ನು ಬಿಡುವುದು ಒಳ್ಳೆಯದು, ಏಕೆಂದರೆ ಒತ್ತಿದ ಜಾಗ ಒಳಗೆ ಕಪ್ಪಾಗುತ್ತದೆ ಮತ್ತು ಆ ಹಣ್ಣನ್ನು ಮುಂದೆ ಕೊಳ್ಳುವವರಿಗೆ ನಷ್ಟವಾಗುತ್ತದೆ. ಅಂಗೈಯಲ್ಲಿಟ್ಟು ಹಗುರವಾಗಿ ಹಿಡಿದರೆ ಸಾಕು, ಮೆತ್ತಗಾಗಿದೆಯೋ ಇಲ್ಲವೋ ತಿಳಿಯುತ್ತದೆ.

ಮನೆಗೆ ತಂದ ಕಾಯಿ ಬಲಿತಿದೆಯೇ ಎಂದು ಖಚಿತಪಡಿಸಿಕೊಳ್ಳಲು ಸುಲಭವಾದ ಪರೀಕ್ಷೆಯೊಂದಿದೆ: ಬಕೆಟ್ ನೀರಿಗೆ ಹಾಕಿದರೆ ಬಲಿತದ್ದು ಮುಳುಗುತ್ತದೆ, ಎಳೆಯದು ತೇಲುತ್ತದೆ. ತೇಲಿದವನ್ನು ಹಣ್ಣು ಮಾಡಲು ಹೊರಡದೆ ಚಟ್ನಿಗೋ ತೊಕ್ಕಿಗೋ ಬಳಸಿಕೊಳ್ಳುವುದು ಜಾಣತನ.

ಕಾಯನ್ನು ಬೇಗ ಹಣ್ಣು ಮಾಡಲು ಕೆಲವು ವ್ಯಾಪಾರಿಗಳು ಬಳಸುವ ಕ್ಯಾಲ್ಸಿಯಂ ಕಾರ್ಬೈಡಿನ ವಿಚಾರವನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಆ ಪುಡಿಗೆ ತೇವ ತಗುಲಿದಾಗ ಅಸಿಟಿಲೀನ್ ಅನಿಲ ಹೊರಬಂದು ಸಿಪ್ಪೆಯನ್ನು ಬೇಗ ಹಳದಿ ಮಾಡುತ್ತದೆ. ಕೈಗಾರಿಕೆಗೆ ಬಳಸುವ ಕಾರ್ಬೈಡಿನಲ್ಲಿ ಆರ್ಸೆನಿಕ್ ಮತ್ತು ರಂಜಕದ ಅಂಶಗಳೂ ಇರುತ್ತವೆ. 2011ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಹೀಗೆ ಮಾಗಿಸಿದ ಹಣ್ಣನ್ನು ಮಾರುವುದು ನಿಷಿದ್ಧ. ಎಥಿಲೀನ್ ಅನಿಲದಿಂದ ಮಾಗಿಸುವುದನ್ನು ಇದರೊಂದಿಗೆ ಸೇರಿಸಿ ಹೆದರಬೇಕಾಗಿಲ್ಲ. ಹಣ್ಣು ಮಾಗುವಾಗ ತಾನೇ ಹೊರಬಿಡುವುದು ಅದೇ ಅನಿಲವನ್ನು, ಮತ್ತು ಅದನ್ನು ಹತ್ತು ಲಕ್ಷದಲ್ಲಿ 100 ಭಾಗದವರೆಗೆ ಬಳಸಲು ನಿಯಮವೇ ಅವಕಾಶ ಕೊಟ್ಟಿದೆ. ಮೈಯೆಲ್ಲ ಒಂದೇ ಸಮನೆ ಹಳದಿ, ಮುಟ್ಟಿದರೆ ಗಟ್ಟಿ, ಪರಿಮಳವಿಲ್ಲ, ತೊಟ್ಟಿನ ಸುತ್ತ ಬೂದುಬಣ್ಣದ ಪುಡಿ ಇವೆಲ್ಲ ಒಟ್ಟಿಗೆ ಕಂಡರೆ ಆ ಹಣ್ಣನ್ನು ಬಿಟ್ಟುಬಿಡಬೇಕು. ಬೆಳೆಗಾರರಿಂದಲೇ ಕೊಳ್ಳುವ ಅವಕಾಶ ಸಿಕ್ಕಾಗ ಬಳಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮ. ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮ ಲಾಲ್‌ಬಾಗ್‌ನಲ್ಲಿ ಏರ್ಪಡಿಸುತ್ತ ಬಂದಿರುವ ಮಾವು ಮೇಳದಲ್ಲಿ ರಾಮನಗರ, ಕೋಲಾರದ ಕಡೆಯ ರೈತರೇ ಮಳಿಗೆಯಲ್ಲಿ ನಿಂತಿರುತ್ತಾರೆ. ಯಾವಾಗ ಕಿತ್ತದ್ದು, ಹೇಗೆ ಮಾಗಿಸಿದ್ದು ಎಂದು ಅವರನ್ನೇ ಕೇಳಬಹುದು.

ಮನೆಯಲ್ಲಿ ಅಡೆ ಹಾಕುವುದು

ಬಲಿತ ಕಾಯನ್ನೇ ತಂದು ಮನೆಯಲ್ಲಿ ಮಾಗಿಸುವುದಕ್ಕಿಂತ ನಂಬಿಕೆಯ ದಾರಿ ಇನ್ನೊಂದಿಲ್ಲ. ಅಗಲವಾದ ಬುಟ್ಟಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಒಣಗಿದ ಭತ್ತದ ಹುಲ್ಲನ್ನು ನಾಲ್ಕು ಬೆರಳಿನಷ್ಟು ದಪ್ಪವಾಗಿ ಹಾಸಿ, ಕಾಯಿಗಳನ್ನು ತೊಟ್ಟು ಕೆಳಮುಖವಾಗಿರುವಂತೆ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ, ಮೇಲೆ ಮತ್ತೆ ಹುಲ್ಲು ಮುಚ್ಚಬೇಕು. ಪೇಟೆಯಲ್ಲಿ ಹುಲ್ಲು ಸಿಗದಿದ್ದರೆ ಒಂದೊಂದು ಕಾಯನ್ನೂ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟರೂ ಆದೀತು. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಕಟ್ಟಿಡಬಾರದು, ಬೆವರಿದ ತೇವಕ್ಕೆ ಬೂಸ್ಟು ಹತ್ತುತ್ತದೆ. ಬೇಗ ಮಾಗಬೇಕಾದರೆ ಒಂದೆರಡು ಕಳಿತ ಬಾಳೆಹಣ್ಣುಗಳನ್ನು ನಡುವೆ ಇಡಬಹುದು. ಅವು ಹೊರಬಿಡುವ ಎಥಿಲೀನ್ ಮಾವನ್ನೂ ಚುರುಕುಗೊಳಿಸುತ್ತದೆ. ಬೇಸಿಗೆಯ ಕೋಣೆಯ ಶಾಖದಲ್ಲಿ ಸಾಮಾನ್ಯವಾಗಿ ಐದರಿಂದ ಎಂಟು ದಿನ ಹಿಡಿಯುತ್ತದೆ. ಮೂರನೆಯ ದಿನದಿಂದ ದಿನಕ್ಕೊಮ್ಮೆ ತೆಗೆದು ನೋಡಿ ಮಾಗಿದ್ದನ್ನು ಬೇರೆ ಇಡುತ್ತ, ಕೊಳೆಯ ಚುಕ್ಕೆ ಕಂಡದ್ದನ್ನು ತಕ್ಷಣ ಹೊರತೆಗೆಯುತ್ತ ಬರಬೇಕು.

ಮಾಗದ ಕಾಯನ್ನು ಫ್ರಿಜ್‌ನಲ್ಲಿ ಇಡುವುದು ಬಹಳ ಮನೆಗಳಲ್ಲಿ ನಡೆಯುವ ತಪ್ಪು. ಮಾವು ಉಷ್ಣವಲಯದ ಹಣ್ಣು. ಸುಮಾರು 12–13 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿನ ಜಾಗದಲ್ಲಿ ಕಾಯಿಯ ಮಾಗುವಿಕೆ ಕೆಟ್ಟುಹೋಗಿ, ಸಿಪ್ಪೆ ಕಂದಿ, ಆಮೇಲೆ ಹೊರಗಿಟ್ಟರೂ ರುಚಿ ಬರುವುದಿಲ್ಲ. ಪೂರ್ತಿ ಮಾಗಿದ ಹಣ್ಣನ್ನು ಮಾತ್ರ ಎರಡು ಮೂರು ದಿನ ಫ್ರಿಜ್‌ನಲ್ಲಿ ಇಟ್ಟುಕೊಳ್ಳಬಹುದು, ತಿನ್ನುವ ಅರ್ಧ ಗಂಟೆ ಮುಂಚೆ ಹೊರಗೆ ತೆಗೆಯಬೇಕು. ತೀರ ತಣ್ಣಗಿರುವ ಹಣ್ಣಿನಲ್ಲಿ ಪರಿಮಳ ಏಳುವುದೇ ಇಲ್ಲ.

ತೊಳೆಯುವುದು, ನೆನೆಸುವುದು, ಸೊನೆಯ ಎಚ್ಚರ

ತಿನ್ನುವ ಮೊದಲು ಹಣ್ಣನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಸಿಡುವ ಹಿರಿಯರ ಪದ್ಧತಿ ಒಳ್ಳೆಯದು. ಉಷ್ಣ ಇಳಿಯುತ್ತದೆ ಎಂದು ಅವರು ಕೊಡುವ ಕಾರಣವನ್ನು ಒಪ್ಪಿದರೂ ಬಿಟ್ಟರೂ, ಸಿಪ್ಪೆಗೆ ಅಂಟಿದ ಧೂಳು, ಔಷಧಿಯ ಪುಡಿ ಮತ್ತು ಒಣಗಿದ ಸೊನೆ ಸಡಿಲವಾಗುತ್ತವೆ, ಆಮೇಲೆ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಸುಲಭವಾಗಿ ಹೋಗುತ್ತವೆ. ಮಾವು ಗೇರಿನ ಕುಟುಂಬಕ್ಕೆ ಸೇರಿದ ಮರ. ಅದರ ಸೊನೆಯಲ್ಲೂ ಸಿಪ್ಪೆಯಲ್ಲೂ ಚರ್ಮವನ್ನು ಕೆರಳಿಸುವ ಎಣ್ಣೆಯಂಥ ರಾಸಾಯನಿಕಗಳಿವೆ. ಹಣ್ಣು ತಿಂದ ಮರುದಿನ ತುಟಿಯ ಅಂಚಿನಲ್ಲಿ ಉರಿ, ಕಡಿತ, ಸಣ್ಣ ಗುಳ್ಳೆಗಳು ಏಳುವವರಿಗೆ ಬಹುಮಟ್ಟಿಗೆ ತೊಂದರೆ ಕೊಡುವುದು ತಿರುಳಲ್ಲ, ಈ ಸೊನೆ. ಅಂಥವರು ತೊಟ್ಟಿನ ಭಾಗವನ್ನು ಬೆರಳಗಲ ಕತ್ತರಿಸಿ ಬಿಟ್ಟು, ಸಿಪ್ಪೆಯನ್ನು ಬಾಯಿಗೆ ತಾಗಿಸದೆ, ಬೇರೆಯವರಿಂದ ಹೋಳು ಮಾಡಿಸಿಕೊಂಡು ತಿಂದರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಹಣ್ಣು ತಿಂದ ಕೂಡಲೇ ಗಂಟಲು ಬಿಗಿದರೆ, ಮುಖ ಊದಿಕೊಂಡರೆ, ಉಸಿರಿಗೆ ತೊಂದರೆಯಾದರೆ ಅದು ನಿಜವಾದ ಅಲರ್ಜಿ. ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಮತ್ತೆ ಪರೀಕ್ಷೆ ಮಾಡಿ ನೋಡಲು ಹೋಗಬಾರದು.

ಮಳೆ ಹಿಡಿದ ಮೇಲೆ ಬರುವ ಹಣ್ಣುಗಳಲ್ಲಿ ಹಣ್ಣುನೊಣದ ಹುಳು ಇರುವ ಸಂಭವ ಹೆಚ್ಚು. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಗುರುತು, ಅದರ ಸುತ್ತ ಮೆತ್ತಗಾದ ಜಾಗ ಕಂಡರೆ ಕತ್ತರಿಸಿ ನೋಡದೆ ಬಾಯಿಗಿಡಬಾರದು. ಬಾದಾಮಿಯಲ್ಲಿ ಹೊರಗೆ ಏನೂ ಕಾಣದಿದ್ದರೂ ಒಳಗೆ ವಾಟೆಯ ಹತ್ತಿರ ತಿರುಳು ಬಿಳಿಚಿ ಸ್ಪಂಜಿನಂತಾಗಿ ಹುಳಿಯಾಗಿರುವುದುಂಟು. ಇದು ರೋಗವೂ ಅಲ್ಲ, ವಿಷವೂ ಅಲ್ಲ, ಆ ತಳಿಯ ದೋಷ. ಅಷ್ಟನ್ನು ಕೊಯ್ದು ಬಿಟ್ಟು ಉಳಿದದ್ದನ್ನು ತಿನ್ನಬಹುದು.

ಹಣ್ಣಿನೊಳಗೆ ಏನಿದೆ

100 ಗ್ರಾಂ ಮಾವಿನ ತಿರುಳಿನಲ್ಲಿ ಸುಮಾರು 83 ಗ್ರಾಂ ನೀರೇ ಇರುತ್ತದೆ. ಉಳಿದದ್ದರಲ್ಲಿ ಸುಮಾರು 15 ಗ್ರಾಂ ಶರ್ಕರಪಿಷ್ಟ, ಅದರಲ್ಲಿ ಹೆಚ್ಚು ಪಾಲು ಸಕ್ಕರೆ. ನಾರು ಒಂದೂವರೆ ಗ್ರಾಮಿಗೆ ತುಸು ಮೇಲೆ, ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ, ಶಕ್ತಿ ಸುಮಾರು 60 ಕಿಲೊಕ್ಯಾಲೊರಿ. ಸಿ ವಿಟಮಿನ್ ಸುಮಾರು 36 ಮಿಲಿಗ್ರಾಂ, ಫೋಲೇಟ್ ಸುಮಾರು 43 ಮೈಕ್ರೊಗ್ರಾಂ, ಪೊಟ್ಯಾಸಿಯಂ 170 ಮಿಲಿಗ್ರಾಮಿನ ಆಸುಪಾಸು. ತಳಿ, ಮಣ್ಣು, ಮಾಗಿದ ಹಂತಗಳಿಗೆ ತಕ್ಕಂತೆ ಈ ಅಂಕಿಗಳು ಏರುಪೇರಾಗುತ್ತವೆ. ನಮ್ಮ ಹೆಚ್ಚು ಸಿಹಿಯ ತಳಿಗಳಲ್ಲಿ ಸಕ್ಕರೆ ಇದಕ್ಕಿಂತ ಹೆಚ್ಚೇ ಇರುತ್ತದೆ. ಬೀಟಾ ಕ್ಯಾರೋಟಿನ್ ಇರುವಿಕೆಯನ್ನು ಕಣ್ಣೇ ಹೇಳುತ್ತದೆ: ತಿರುಳು ಕೇಸರಿಯಾದಷ್ಟೂ ಅದು ಹೆಚ್ಚು, ಮತ್ತು ದೇಹ ಅದನ್ನು ಎ ವಿಟಮಿನ್ನಾಗಿ ಬದಲಿಸಿಕೊಂಡು ಕಣ್ಣಿಗೆ, ಚರ್ಮಕ್ಕೆ, ರೋಗನಿರೋಧಕ ಶಕ್ತಿಗೆ ಬಳಸುತ್ತದೆ.

ಇವನ್ನೆಲ್ಲ ಪಡೆಯಲು ಹಣ್ಣನ್ನು ಹೇಗೆ ತಿನ್ನುತ್ತೇವೆ ಎಂಬುದೂ ಮುಖ್ಯ. ಕ್ಯಾರೋಟಿನ್ ಕೊಬ್ಬಿನಲ್ಲಿ ಕರಗುವ ವಸ್ತು; ಜೊತೆಗೆ ಸ್ವಲ್ಪ ಹಾಲು, ತುಪ್ಪ, ತೆಂಗಿನಕಾಯಿ ಅಥವಾ ನಾಲ್ಕು ಬಾದಾಮಿ ಬೀಜ ಇದ್ದರೆ ದೇಹ ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಸೀಕರಣೆಗೆ ಹಾಲು, ಮಾವಿನ ಸಾಸಿವೆ ಎಂಬ ಅಡುಗೆಗೆ ತೆಂಗಿನಕಾಯಿ ಸೇರಿಸುವ ನಮ್ಮ ಅಡುಗೆಮನೆಗಳು ಈ ಕೆಲಸವನ್ನು ಬಹಳ ಹಿಂದಿನಿಂದ ಮಾಡುತ್ತ ಬಂದಿವೆ. ಸಿ ವಿಟಮಿನ್ ಧಾನ್ಯ, ಬೇಳೆ, ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ಹೀರಲು ನೆರವಾಗುತ್ತದೆ, ಮತ್ತು ಅದು ಹಣ್ಣಿಗಿಂತ ಕಾಯಿಯಲ್ಲಿ ಹೆಚ್ಚು. ರಾಗಿಮುದ್ದೆ, ಮಸ್ಸೊಪ್ಪಿನ ಊಟದ ಪಕ್ಕದಲ್ಲಿ ಹಸಿ ಮಾವಿನಕಾಯಿಯ ಚಟ್ನಿ ಇದ್ದರೆ ರಕ್ತಹೀನತೆಯಿರುವ ಹೆಣ್ಣುಮಕ್ಕಳಿಗೆ ಅದು ಬಹಳ ಒಳ್ಳೆಯ ಜೋಡಿ. ಬಿಸಿಗೆ ಸಿ ವಿಟಮಿನ್ ನಾಶವಾಗುವುದರಿಂದ ಚಿತ್ರಾನ್ನಕ್ಕೆ ತುರಿಯನ್ನು ಒಗ್ಗರಣೆಯಲ್ಲಿ ಬಾಡಿಸದೆ ಒಲೆ ಆರಿಸಿದ ಮೇಲೆ ಬೆರೆಸುವುದು ಉತ್ತಮ; ರುಚಿಯೂ ಹಾಗೆಯೇ ಚುರುಕಾಗಿರುತ್ತದೆ.

ಮಾವು ಕ್ಯಾನ್ಸರನ್ನು ತಡೆಯುತ್ತದೆ, ತೂಕ ಇಳಿಸುತ್ತದೆ, ಮಧುಮೇಹವನ್ನು ಗುಣಪಡಿಸುತ್ತದೆ ಎಂಬ ಸಂದೇಶಗಳನ್ನು ನಂಬಬಾರದು. ಮಾವಿನಲ್ಲಿರುವ ಮ್ಯಾಂಜಿಫೆರಿನ್ ಎಂಬ ವಸ್ತುವಿನ ಮೇಲೆ ಪ್ರಯೋಗಾಲಯಗಳಲ್ಲಿ ಕೆಲಸ ನಡೆದಿರುವುದು ನಿಜ. ಅದು ತಿರುಳಿಗಿಂತ ಸಿಪ್ಪೆ, ಎಲೆ, ತೊಗಟೆಗಳಲ್ಲಿ ಹೆಚ್ಚು, ಮತ್ತು ನಾವು ತಿನ್ನುವ ಎರಡು ಹೋಳಿನಿಂದ ಅಂಥ ಔಷಧದ ಗುಣವನ್ನು ನಿರೀಕ್ಷಿಸಲು ಆಧಾರವಿಲ್ಲ. ಮಾವು ಒಳ್ಳೆಯ ಆಹಾರ, ಮದ್ದಲ್ಲ.

ಅಳತೆ ಮತ್ತು ಹೊತ್ತು

ಆರೋಗ್ಯವಂತರಾದ ವಯಸ್ಕರು ದಿನಕ್ಕೆ ಮಧ್ಯಮ ಗಾತ್ರದ ಒಂದು ಹಣ್ಣನ್ನು ನಿಶ್ಚಿಂತೆಯಿಂದ ತಿನ್ನಬಹುದು. 250 ಗ್ರಾಂ ತೂಗುವ ಬಾದಾಮಿಯಲ್ಲಿ ಸಿಪ್ಪೆ, ವಾಟೆ ಕಳೆದರೆ 160 ಗ್ರಾಮಿನಷ್ಟು ತಿರುಳು ಸಿಗುತ್ತದೆ, ಅಂದರೆ ಸುಮಾರು 100 ಕಿಲೊಕ್ಯಾಲೊರಿ. ಭರ್ಜರಿ ಊಟದ ಮೇಲೆ ಅದನ್ನು ಸೇರಿಸುವುದಕ್ಕಿಂತ ಬೆಳಗಿನ ಹನ್ನೊಂದು ಗಂಟೆಗೋ ಸಂಜೆಯ ಹೊತ್ತಿಗೋ ಅದನ್ನೇ ಒಂದು ತಿಂಡಿಯಾಗಿ ತಿನ್ನುವುದು ಮೇಲು. ಆಗ ಹಸಿವಿರುತ್ತದೆ, ಗಮನವಿರುತ್ತದೆ, ಬಿಸ್ಕತ್ತು ಚಕ್ಕುಲಿಗಳ ಜಾಗವನ್ನು ಹಣ್ಣು ಹಿಡಿಯುತ್ತದೆ.

ಮಧುಮೇಹ ಇರುವವರು ಮಾವಿನ ಋತುವನ್ನು ಸಂಕಟದಿಂದ ಕಳೆಯುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಸಕ್ಕರೆ ಹತೋಟಿಯಲ್ಲಿರುವ ಬಹುತೇಕರಿಗೆ ಪೂರ್ಣ ನಿಷೇಧದ ಅಗತ್ಯವಿಲ್ಲ. ಆಹಾರವೊಂದು ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂಬುದರ ಅಳತೆಯಾದ ಗ್ಲೈಸೆಮಿಕ್ ಸೂಚ್ಯಂಕ ಮಾವಿಗೆ ಸುಮಾರು 50ರ ಆಸುಪಾಸಿನಲ್ಲಿದೆ. ಅನ್ನದ್ದು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು. ತೊಂದರೆಯಾಗುವುದು ಪ್ರಮಾಣದಿಂದ ಮತ್ತು ತಿನ್ನುವ ಕ್ರಮದಿಂದ. 100 ಗ್ರಾಂ ತಿರುಳಿನಲ್ಲಿರುವ ಶರ್ಕರಪಿಷ್ಟ ಅರ್ಧ ಬಟ್ಟಲು ಅನ್ನದ್ದಕ್ಕೆ ಹೆಚ್ಚುಕಡಿಮೆ ಸಮ. ಹಾಗಾಗಿ ಅರ್ಧ ಹಣ್ಣು ತಿನ್ನುವ ದಿನ ಆ ಹೊತ್ತಿನ ಅನ್ನವನ್ನೋ ಚಪಾತಿಯನ್ನೋ ಅಷ್ಟು ಕಡಿಮೆ ಮಾಡಬೇಕು, ಹೆಚ್ಚುವರಿಯಾಗಿ ಸೇರಿಸಬಾರದು. ಹೋಳಾಗಿಯೇ ತಿನ್ನಬೇಕು, ರಸ ಹಿಂಡಿದರೆ ಮೂರು ಹಣ್ಣು ಒಂದು ಲೋಟದಲ್ಲಿ ಅಡಗುತ್ತದೆ, ಗೊತ್ತಾಗದೆ ಕುಡಿದು ಮುಗಿಯುತ್ತದೆ. ಜೊತೆಗೆ ಸ್ವಲ್ಪ ಕಡಲೆಬೀಜ ಅಥವಾ ಮೊಸರು ಇದ್ದರೆ ಸಕ್ಕರೆ ರಕ್ತಕ್ಕೆ ಇಳಿಯುವ ವೇಗ ತಗ್ಗುತ್ತದೆ. ತಿಂದ ಎರಡು ಗಂಟೆಯ ನಂತರ ಗ್ಲೂಕೋಮೀಟರಿನಲ್ಲಿ ನೋಡಿಕೊಂಡರೆ ತಮ್ಮ ದೇಹಕ್ಕೆ ಎಷ್ಟು ಸರಿ ಎಂಬುದು ಅವರವರಿಗೇ ತಿಳಿಯುತ್ತದೆ. ಸಕ್ಕರೆ ಹತೋಟಿ ತಪ್ಪಿರುವವರು ಮತ್ತು ಇನ್ಸುಲಿನ್ ತೆಗೆದುಕೊಳ್ಳುವವರು ಮೊದಲು ತಮ್ಮ ವೈದ್ಯರೊಂದಿಗೆ ಮಾತಾಡಬೇಕು.

ಮೂತ್ರಪಿಂಡದ ಕಾಯಿಲೆಯಿಂದಾಗಿ ಪೊಟ್ಯಾಸಿಯಂ ಮಿತಿ ಇರುವವರು ಮತ್ತು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಗರ್ಭಿಣಿಯರಿಗೆ ಮಾವು ನಿಷಿದ್ಧವೆಂಬ ಮಾತಿಗೆ ಆಧಾರವಿಲ್ಲ. ಫೋಲೇಟ್, ಸಿ ವಿಟಮಿನ್ ಇರುವ ಹಣ್ಣು ಅವರಿಗೆ ಒಳ್ಳೆಯದೇ, ಗರ್ಭಾವಸ್ಥೆಯ ಮಧುಮೇಹ ಬಂದಿದ್ದರೆ ಮಾತ್ರ ಮೇಲೆ ಹೇಳಿದ ಅಳತೆ ಅನ್ವಯಿಸುತ್ತದೆ. ಆರು ತಿಂಗಳು ತುಂಬಿ ಮೇಲಾಹಾರ ಶುರುವಾದ ಮಗುವಿಗೆ ನಾರಿಲ್ಲದ ಹಣ್ಣನ್ನು ನುಣ್ಣಗೆ ಕಿವುಚಿ ಒಂದೆರಡು ಚಮಚದಿಂದ ಆರಂಭಿಸಬಹುದು.

ತಿನ್ನುವ ಬಗೆಗಳು

ಒಳ್ಳೆಯ ಬಾದಾಮಿಗೆ ಚಾಕು ಒಂದೇ ಸಾಕು. ತೊಟ್ಟು ಮೇಲೆ ಮಾಡಿ ನಿಲ್ಲಿಸಿ, ಚಪ್ಪಟೆ ವಾಟೆಯ ಎರಡೂ ಪಕ್ಕದಲ್ಲಿ ನೇರ ಇಳಿಸಿದರೆ ಎರಡು ಕೆನ್ನೆ ಬರುತ್ತವೆ; ಉಳಿದ ವಾಟೆಯನ್ನು ಚೀಪುವ ಹಕ್ಕು ಮನೆಯಲ್ಲಿ ಯಾರದೆಂದು ತೀರ್ಮಾನಿಸಿಕೊಳ್ಳಬೇಕು. ರಸಪುರಿ ಮತ್ತು ಕಾಟುಮಾವುಗಳಿಗೆ ಚಾಕು ಹಾಕುವುದು ಸಲ್ಲದು. ಅಂಗೈಗಳ ನಡುವೆ ಹಗುರವಾಗಿ ಉರುಳಿಸಿ ಒಳಗೆಲ್ಲ ಮೆತ್ತಗೆ ಮಾಡಿ, ತೊಟ್ಟು ಕಿತ್ತು, ಮೊದಲ ನಾಲ್ಕು ಹನಿ ಸೊನೆ ಬೆರೆತ ರಸವನ್ನು ಹಿಂಡಿ ಚೆಲ್ಲಿ, ಆಮೇಲೆ ಬಾಯಿಗಿಟ್ಟು ಹೀರಬೇಕು.

ಸೀಕರಣೆಗೆ ನಾಲ್ಕು ರಸಪುರಿ ಹಣ್ಣುಗಳ ರಸವನ್ನು ಕೈಯಿಂದಲೇ ಕಿವುಚಿ ತೆಗೆಯಬೇಕು. ಮಿಕ್ಸಿಗೆ ಹಾಕಿದರೆ ಗಾಳಿ ಸೇರಿ ನೊರೆಯಾಗುತ್ತದೆ, ನಾಲಿಗೆಗೆ ಸಿಗುವ ಮೆತ್ತನೆಯ ತುಣುಕುಗಳೂ ಹೋಗುತ್ತವೆ. ಕಾಯಿಸಿ ಪೂರ್ತಿ ಆರಿಸಿದ ಅರ್ಧ ಬಟ್ಟಲು ಹಾಲು, ಚಿಟಿಕೆ ಏಲಕ್ಕಿಪುಡಿ, ಹಣ್ಣು ಸಿಹಿ ಸಾಲದಿದ್ದರೆ ಮಾತ್ರ ಒಂದೆರಡು ಚಮಚ ಬೆಲ್ಲದ ಪುಡಿ. ಹಣ್ಣು ಹುಳಿಯಾಗಿದ್ದರೆ ಹಾಲು ಒಡೆಯುತ್ತದೆ. ಅಂಥದ್ದನ್ನು ಸೀಕರಣೆಗೆ ತರಲೇಬಾರದು. ಹೋಳಿಗೆಯ ಮೇಲೆ ಸೀಕರಣೆ ಸುರಿದು ತುಪ್ಪ ಬಿಟ್ಟುಕೊಂಡು ತಿನ್ನುವುದು ಹಬ್ಬದೂಟ. ದಿನನಿತ್ಯಕ್ಕೆ ಚಪಾತಿಯೊಂದಿಗೆ ಚಿಕ್ಕ ಬಟ್ಟಲು ಸಾಕು.

ಮಲೆನಾಡು, ಕರಾವಳಿಯ ಸಾಸಿವೆ ನನ್ನ ಮಟ್ಟಿಗೆ ಮಾವಿನ ಅಡುಗೆಗಳಲ್ಲಿ ಎಲ್ಲಕ್ಕಿಂತ ಮೇಲಿನದು. ಎಂಟು ಹತ್ತು ಮಾಗಿದ ಕಾಟುಮಾವಿನ ಸಿಪ್ಪೆ ಸುಲಿದು, ಸಿಪ್ಪೆಯನ್ನು ಸ್ವಲ್ಪ ನೀರಿನಲ್ಲಿ ಕಿವುಚಿ ಆ ನೀರನ್ನು ಹಣ್ಣಿಗೇ ಸೇರಿಸಬೇಕು, ವಾಟೆಗಳನ್ನು ತೆಗೆಯಬಾರದು. ಒಂದು ಬಟ್ಟಲು ತೆಂಗಿನತುರಿ, ಅರ್ಧ ಚಮಚ ಹಸಿ ಸಾಸಿವೆ, ಎರಡು ಒಣಮೆಣಸು ನುಣ್ಣಗೆ ರುಬ್ಬಿ ಬೆರೆಸಿ, ಉಪ್ಪು ಮತ್ತು ಹಣ್ಣಿನ ಹುಳಿಗೆ ತಕ್ಕಷ್ಟು ಬೆಲ್ಲ ಹಾಕಿ, ಕೊನೆಗೆ ಕರಿಬೇವಿನ ಒಗ್ಗರಣೆ ಕೊಟ್ಟರೆ ಆಯಿತು. ಕುದಿಸುವುದೇ ಇಲ್ಲವಾದ್ದರಿಂದ ಹಣ್ಣಿನ ಸತ್ವ ಹಾಗೆಯೇ ಉಳಿಯುತ್ತದೆ. ಅದೇ ಕಾರಣಕ್ಕೆ ಮಾಡಿದ ದಿನವೇ ಮುಗಿಸಬೇಕು.

ಬಿಸಿಲಿನಲ್ಲಿ ದುಡಿದು ಬಂದವರಿಗೆ ಬೇಯಿಸಿದ ಮಾವಿನಕಾಯಿಯ ತಿರುಳು, ಬೆಲ್ಲ, ಉಪ್ಪು, ಕಾಳುಮೆಣಸು ಸೇರಿಸಿದ ಪಾನಕ ಬೆವರಿನಲ್ಲಿ ಹೋದ ನೀರನ್ನೂ ಲವಣವನ್ನೂ ತುಂಬಿಕೊಡುತ್ತದೆ. ಉಪ್ಪಿನಕಾಯಿಯ ಲೆಕ್ಕ ಬೇರೆ: ರಕ್ತದೊತ್ತಡ ಇರುವವರು ಅಪ್ಪೆಮಿಡಿಯ ಪರಿಮಳಕ್ಕೆ ಮನಸೋತರೂ ಒಂದು ಮಿಡಿಗೆ ನಿಲ್ಲಿಸಬೇಕು, ಏಕೆಂದರೆ ಅದು ಕೆಡದೆ ಉಳಿಯುವುದೇ ಉಪ್ಪಿನಿಂದ.

ವಿದೇಶದಲ್ಲಿರುವ ಕನ್ನಡಿಗರಿಗೆ ಡಬ್ಬಿಯ ತಿರುಳೇ ಹೆಚ್ಚಾಗಿ ಗತಿ. 2007ರಿಂದ ಅಮೆರಿಕಕ್ಕೆ ಭಾರತದ ತಾಜಾ ಹಣ್ಣು ವಿಕಿರಣ ಸಂಸ್ಕರಣೆಯಾಗಿ ಹೋಗುತ್ತಿದೆಯಾದರೂ ಬೆಲೆ ದುಬಾರಿ. ಡಬ್ಬಿ ಕೊಳ್ಳುವಾಗ ಸಕ್ಕರೆ ಬೆರೆಸದ್ದನ್ನು ಚೀಟಿ ಓದಿ ಆರಿಸಬೇಕು. ತಾಜಾ ಹಣ್ಣೇ ಬೇಕೆಂದರೆ ಮೆಕ್ಸಿಕೊದಿಂದ ಬರುವ ಹಳದಿಯ ಅಟಾಲ್ಫೊ ನಾರಿಲ್ಲದೆ ಸಿಹಿಯಾಗಿರುತ್ತದೆ. ಕೆಂಪಗೆ ಕಣ್ಣು ಸೆಳೆಯುವ ಟಾಮಿ ಅಟ್ಕಿನ್ಸ್ ಅದರ ಮುಂದೆ ನಿಲ್ಲುವುದಿಲ್ಲ.

ಋತು ಮುಗಿಯುವ ಮುನ್ನ

ಬೆಲೆ ಇಳಿದ ಜೂನ್ ತಿಂಗಳಲ್ಲಿ ಹೆಚ್ಚು ಹಣ್ಣು ಕೊಂಡು ತಿರುಳನ್ನು ಉಳಿಸಿಕೊಳ್ಳಬಹುದು. ಸಕ್ಕರೆ ಹಾಕದೆ, ಒಂದು ಹೊತ್ತಿಗೆ ಬೇಕಾಗುವಷ್ಟನ್ನು ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ತುಂಬಿ, ಹಿಗ್ಗಲು ಬೆರಳಗಲ ಜಾಗ ಬಿಟ್ಟು, ಫ್ರೀಜರಿನಲ್ಲಿಟ್ಟರೆ ದೀಪಾವಳಿಯವರೆಗೂ ಚೆನ್ನಾಗಿರುತ್ತದೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಕರೆಂಟು ನೆಚ್ಚಿಕೊಳ್ಳಲಾಗದ ಊರುಗಳಲ್ಲಿ ಮಾಂಬಳ ಮಾಡುವುದೇ ಸರಿ. ನಾರು ಸೋಸಿದ ದಪ್ಪ ರಸವನ್ನು ಎಣ್ಣೆ ಸವರಿದ ತಟ್ಟೆಯ ಮೇಲೆ ತೆಳುವಾಗಿ ಹರಡಿ, ತೆಳುಬಟ್ಟೆ ಮುಚ್ಚಿ ಬಿರುಬಿಸಿಲಿನಲ್ಲಿ ಒಣಗಿಸಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು ಪದರ. ಕೈಗೆ ಅಂಟದೆ ಎದ್ದು ಬರುವ ಹಂತಕ್ಕೆ ಬಂದಾಗ ಪಟ್ಟಿಗಳಾಗಿ ಕತ್ತರಿಸಿ ಗಾಳಿಯಾಡದ ಭರಣಿಯಲ್ಲಿ ಇಡಬೇಕು. ಮುಂಗಾರು ಹಿಡಿಯುವ ಮೊದಲ ಬಿಸಿಲಿನಲ್ಲೇ ಈ ಕೆಲಸ ಮುಗಿಯಬೇಕು, ಅರೆ ಒಣಗಿದ ಮಾಂಬಳಕ್ಕೆ ವಾರದೊಳಗೆ ಬೂಸ್ಟು ಬರುತ್ತದೆ. ನೀರಿನಂಶ ಹೋಗಿ ಸಕ್ಕರೆ ಸಾಂದ್ರವಾಗಿರುವುದರಿಂದ ಮಾಂಬಳದ ಎರಡು ಬೆರಳಗಲದ ತುಂಡೊಂದನ್ನೇ ಒಂದು ಹೊತ್ತಿನ ಅಳತೆಯೆಂದು ಇಟ್ಟುಕೊಳ್ಳಬೇಕು.